ಎಂತ ಬದಲಾಯ್ತು ಅಂತ ಹೇಳಿ ಮಾರಾಯ್ರೆ

ನನ್ನದೊಂದು ತಕರಾರು ಉಂಟು. ಯಾವುದೇ ಕರಡಿನ ಹೊಸ ಪ್ರತಿ ಕಳಿಸುವವರು, ಹಳೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ತೋರಿಸದೆ ಕಳಿಸಬಾರದು. ಅದಕ್ಕೊಂದು ಕಾನೂನು ಬೇಕು ಅಂತಲ್ಲ. ಹಾಗೆ ಕಳಿಸಲು ಸ್ವಲ್ಪ ನಾಚಿಕೆ ಆಗುವಂತಿದ್ದರೆ ಸಾಕು.

ಈಗ ನಡೆಯುವುದು ಹೇಗೆ? ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಬಂದು ಬೀಳುತ್ತದೆ. ಹೆಸರು 'ಫೈನಲ್'. ಎರಡು ದಿನ ಬಿಟ್ಟು 'ಫೈನಲ್ ಹೊಸದು'. ಆಮೇಲೆ 'ಫೈನಲ್ ಕರೆಕ್ಟೆಡ್'. ಜೊತೆಗೆ ಒಂದು ಸಾಲು: "ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ, ಎಲ್ಲರೂ ಗಮನಿಸಿ." ಎಂತ ಗಮನಿಸುವುದು? ಮೊದಲಿಂದ ಕೊನೆಯವರೆಗೆ ಪುನಃ ಓದಬೇಕು, ಅದೂ ಹಳೆಯದನ್ನು ಪಕ್ಕದಲ್ಲಿ ಇಟ್ಟುಕೊಂಡು. ಯಾರಿಗೆ ಪುರುಸೊತ್ತು ಉಂಟು? ಎಲ್ಲರೂ ಹೆಬ್ಬೆರಳಿನ ಚಿತ್ರ ಒತ್ತಿ ಮುಂದೆ ಹೋಗುತ್ತಾರೆ. ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಇರಲಿ, ಬಾಡಿಗೆ ಕರಾರು ಇರಲಿ, ಯುವಕ ಮಂಡಲದ ನಿಯಮಾವಳಿ ಇರಲಿ, ಇದೇ ಕಥೆ.

ನಾವಿರುವುದು ಮಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿಯ ಬೇರೆ ಅಪಾರ್ಟ್‌ಮೆಂಟುಗಳ ಹಾಗೆಯೇ ಸುಮಾರು ಮನೆಗಳ ಯಜಮಾನರು ದುಬೈ, ಮಸ್ಕತ್, ಬಹರೈನ್‌ನಲ್ಲಿ ಇದ್ದಾರೆ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಬೀಗ ತೆಗೆಯುತ್ತಾರೆ. ಕೆಲವು ತಿಂಗಳ ಹಿಂದೆ ಅಸೋಸಿಯೇಶನ್ ನಿಯಮಗಳ ಕರಡು ಬಂತು. ಓದಿದೆವು, ಸರಿ ಅಂದೆವು. ಸಭೆಗೆ ಮೊದಲು 'ಪರಿಷ್ಕೃತ ಪ್ರತಿ' ಬಂತು. ಅದೇ ಸಣ್ಣಪುಟ್ಟ ತಿದ್ದುಪಡಿ.

ನನ್ನ ಉದ್ಯೋಗವೇ ಸಾಫ್ಟ್‌ವೇರ್. ದಿನಕ್ಕೆ ಹತ್ತು ಸಲ ಎರಡು ಪ್ರತಿ ಹೋಲಿಸಿ ನೋಡುವ ಅಭ್ಯಾಸ. ಅಸೋಸಿಯೇಶನ್‌ನಿಂದ ವರ್ಡ್ ಫೈಲುಗಳನ್ನು ಕೇಳಿ ಪಡೆದು, ಸುಮ್ನೆ ಹೋಲಿಸಿ ನೋಡಿದೆ. ಹೆಚ್ಚಿನವು ನಿಜವಾಗಿಯೂ ಸಣ್ಣಪುಟ್ಟ ತಿದ್ದುಪಡಿಗಳೇ. ಕಾಗುಣಿತ, ಒಂದು ದಿನಾಂಕ, ಎರಡು ಕಡೆ ಅಲ್ಪವಿರಾಮ. ನಡುವೆ ಒಂದು ಕಡೆ ಹೀಗಿತ್ತು (ಮೈನಸ್ ಇರುವುದು ಹಳೆಯದು, ಪ್ಲಸ್ ಇರುವುದು ಹೊಸದು):

- ಒಟ್ಟು ಸದಸ್ಯರ ಮೂರನೇ ಎರಡರಷ್ಟು ಮಂದಿಯ ಒಪ್ಪಿಗೆ ಬೇಕು.
+ ಹಾಜರಿದ್ದ ಸದಸ್ಯರ ಮೂರನೇ ಎರಡರಷ್ಟು ಮಂದಿಯ ಒಪ್ಪಿಗೆ ಬೇಕು.

ಬದಲಾದದ್ದು ಒಂದೇ ಪದ. 90 ಮನೆ ಇದೆ ಅಂತ ಇಟ್ಟುಕೊಳ್ಳಿ. ಮೊದಲಿನ ಪ್ರಕಾರ ನಿಯಮ ಬದಲಿಸಲು 60 ಮಂದಿ ಒಪ್ಪಬೇಕು. ಹೊಸದರ ಪ್ರಕಾರ ಸಭೆಗೆ 24 ಮಂದಿ ಬಂದರೆ 16 ಮಂದಿ ಸಾಕು. ಗಲ್ಫ್‌ನಲ್ಲಿರುವವರ ಮಾತಿಗೆ ಬೆಲೆಯೇ ಇಲ್ಲ. ಇದರ ಹಿಂದೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. 60 ಮಂದಿಯನ್ನು ಸೇರಿಸುವುದು ಯಾವ ಕಾಲಕ್ಕೂ ಆಗದ ಕೆಲಸ, ಹಾಗಾಗಿ ಯಾರೋ ತಿಳಿದವರೇ ಸಲಹೆ ಕೊಟ್ಟಿರಬಹುದು. ಬದಲಾವಣೆ ಸರಿಯೇ ಇರಬಹುದು. ಆದರೆ ಅದು 'ಸಣ್ಣಪುಟ್ಟ' ಅಲ್ಲ, ಅಲ್ವಾ?

ಈ ಹೋಲಿಕೆ ಮಾಡುವ ಯಂತ್ರ ಹೊಸದೇನೂ ಅಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿದ್ದವರಲ್ಲಿ ಡಗ್ಲಸ್ ಮೆಕಿಲ್‌ರಾಯ್ ಅನ್ನುವವರು 1970ರ ದಶಕದ ಮೊದಲಲ್ಲೇ 'ಡಿಫ್' ಅನ್ನುವ ಪ್ರೋಗ್ರಾಂ ಬರೆದರು. 1974ರ ಯುನಿಕ್ಸ್ ಆವೃತ್ತಿಯ ಜೊತೆ ಅದು ಹೊರಗೆ ಬಂತು. ಅದರ ಒಳಗಿನ ಲೆಕ್ಕವನ್ನು ವಿವರಿಸಿ 1976ರಲ್ಲಿ ಜೇಮ್ಸ್ ಹಂಟ್ ಜೊತೆ ಒಂದು ವರದಿ ಬರೆದರು. ಇವತ್ತಿಗೂ ಕಮಾಂಡಿನ ಹೆಸರು ಅದೇ, ಇಂಗ್ಲಿಷಿನ ನಾಲ್ಕು ಅಕ್ಷರ: diff.

ಲೆಕ್ಕ ಏನು ಅಂತ ಕೇಳಿದರೆ, ಕೇಳಲು ಸುಲಭ. ಮೊದಲ ಸಾಲಿಗೆ ಮೊದಲ ಸಾಲು, ಎರಡನೆಯದಕ್ಕೆ ಎರಡನೆಯದು ಅಂತ ಹೋಲಿಸುತ್ತಾ ಹೋದರೆ ಕೆಲಸ ಕೆಡುತ್ತದೆ. ಮೇಲೆ ಒಂದೇ ಒಂದು ಸಾಲು ಹೊಸದಾಗಿ ಸೇರಿದರೆ ಕೆಳಗಿನದ್ದೆಲ್ಲ ಒಂದೊಂದು ಸಾಲು ಜಾರಿ, ಎಲ್ಲವೂ ಬದಲಾದಂತೆ ಕಾಣುತ್ತದೆ. ಅದಕ್ಕೆ ಡಿಫ್ ಬೇರೆ ಪ್ರಶ್ನೆ ಕೇಳುತ್ತದೆ. ಎರಡೂ ಪ್ರತಿಗಳಲ್ಲಿ ಅದೇ ಕ್ರಮದಲ್ಲಿ ಸಿಗುವ ಸಾಲುಗಳ ಅತಿ ಉದ್ದದ ಪಟ್ಟಿ ಯಾವುದು? ನಡುವೆ ಬೇರೆ ಸಾಲು ನುಗ್ಗಿದರೆ ಅಡ್ಡಿಯಿಲ್ಲ, ಹಿಂದುಮುಂದು ಆಗಬಾರದು, ಅಷ್ಟೆ. ಆ ಪಟ್ಟಿಯಲ್ಲಿ ಬಂದದ್ದು ಬದಲಾಗದ ಭಾಗ. ಹಳೆ ಪ್ರತಿಯಲ್ಲಿ ಮಿಕ್ಕಿದ್ದು ತೆಗೆದದ್ದು, ಹೊಸ ಪ್ರತಿಯಲ್ಲಿ ಮಿಕ್ಕಿದ್ದು ಸೇರಿಸಿದ್ದು. ಮೈನಸ್ ಮತ್ತು ಪ್ಲಸ್.

ಆ ಕಾಲದ ಕಂಪ್ಯೂಟರಿನಲ್ಲಿ ಜಾಗ ಎಷ್ಟು ಕಡಿಮೆ ಅಂದರೆ ಇಡೀ ಸಾಲುಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದೇ ಕಷ್ಟ. ಹಾಗಾಗಿ ಪ್ರತಿ ಸಾಲನ್ನೂ ಒಂದು ಸಂಖ್ಯೆಯಾಗಿ ಮಾಡಿ ಆ ಸಂಖ್ಯೆಗಳನ್ನು ಹೋಲಿಸಿದರು. ಅಪರೂಪಕ್ಕೆ ಎರಡು ಬೇರೆ ಸಾಲುಗಳಿಗೆ ಒಂದೇ ಸಂಖ್ಯೆ ಬಂದುಬಿಡಬಹುದು. ಅದನ್ನು ಕೊನೆಗೆ ನಿಜವಾದ ಸಾಲುಗಳನ್ನು ಓದಿ ಹಿಡಿಯುತ್ತಿದ್ದರು. ಅಂಥ ಸುಳ್ಳು ಜೋಡಿಗೆ ಅವರು ಇಟ್ಟ ಹೆಸರು 'ಜಾಕ್‌ಪಾಟ್'. ನನಗೆ ಈ ತಮಾಷೆ ಬಹಳ ಇಷ್ಟ.

1986ರಲ್ಲಿ ಯೂಜೀನ್ ಮಯರ್ಸ್ ಇನ್ನೊಂದು ದಾರಿ ಹುಡುಕಿದರು. ಪ್ರತಿಗಳು ಎಷ್ಟೇ ಉದ್ದ ಇರಲಿ, ವ್ಯತ್ಯಾಸ ಕಡಿಮೆ ಇದ್ದರೆ ಕೆಲಸ ಬೇಗ ಮುಗಿಯುವ ದಾರಿ. ನಿಜ ಜೀವನದಲ್ಲಿ ಇರುವುದೂ ಹಾಗೆಯೇ ತಾನೆ, ನೂರು ಪುಟದಲ್ಲಿ ನಾಲ್ಕು ತಿದ್ದುಪಡಿ. ಈಗ ಸಾಫ್ಟ್‌ವೇರ್‌ನವರು ಹೆಚ್ಚಾಗಿ ಪ್ರತಿಗಳ ಲೆಕ್ಕ ಇಡಲು ಬಳಸುವ ಗಿಟ್‌ನಲ್ಲಿ ನೀವೇನೂ ಹೇಳದಿದ್ದರೆ ನಡೆಯುವುದು ಇವರ ವಿಧಾನವೇ. ಇದೇ ಮಯರ್ಸ್ ಮುಂದೆ ಸೆಲೆರಾ ಕಂಪನಿಯಲ್ಲಿ ಮನುಷ್ಯನ ಜೀನೋಮ್ ಜೋಡಿಸುವ ಕೆಲಸ ಮಾಡಿದರು. ಡಿಎನ್‌ಎ ಅಕ್ಷರಗಳನ್ನು ಹೋಲಿಸುವುದೂ ಬೈಲಾದ ಸಾಲುಗಳನ್ನು ಹೋಲಿಸುವುದೂ ಲೆಕ್ಕದ ಕಣ್ಣಿಗೆ ನೆಂಟರೇ.

ಹಾಗಂತ ಡಿಫ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಒಂದು ಉದಾಹರಣೆ ನೋಡಿ. ಜಾತ್ರೆಯ ಕಾರ್ಯಕ್ರಮ ಪಟ್ಟಿ. ಗಣಹೋಮ, ಭಜನೆ, ಅನ್ನಸಂತರ್ಪಣೆ, ಯಕ್ಷಗಾನ ಬಯಲಾಟ. ಹೊಸ ಪಟ್ಟಿಯಲ್ಲಿ ಭಜನೆ ಮತ್ತು ಅನ್ನಸಂತರ್ಪಣೆ ಅದಲುಬದಲು. ಡಿಫ್ ಹೀಗೆ ತೋರಿಸಬಹುದು:

  ಗಣಹೋಮ
- ಭಜನೆ
  ಅನ್ನಸಂತರ್ಪಣೆ
+ ಭಜನೆ
  ಯಕ್ಷಗಾನ ಬಯಲಾಟ

ಇದನ್ನು ನೋಡಿದರೆ ಭಜನೆಯನ್ನು ಕೆಳಗೆ ತಳ್ಳಿದ್ದಾರೆ ಅನ್ನಿಸುತ್ತದೆ. ಭಜನಾ ಮಂಡಳಿಯವರಿಗೆ ಬೇಸರ ಆಗುವುದು ಖಂಡಿತ. ಆದರೆ ನಿಜವಾಗಿ ನಡೆದದ್ದು ಅನ್ನಸಂತರ್ಪಣೆಯನ್ನು ಮೇಲೆ ತಂದದ್ದೂ ಇರಬಹುದು. ಎರಡಕ್ಕೂ ತಗಲುವ ಖರ್ಚು ಒಂದೇ: ಒಂದು ಮೈನಸ್, ಒಂದು ಪ್ಲಸ್. ಡಿಫ್ ಎರಡರಲ್ಲಿ ಒಂದನ್ನು ಆರಿಸಿ ತೋರಿಸುತ್ತದೆ. ಅದು ಕೊಡುವುದು ಹಳೆಯದರಿಂದ ಹೊಸದಕ್ಕೆ ಹೋಗುವ ಒಂದು ಚಿಕ್ಕ ದಾರಿ. ಬರೆದವರು ಅದೇ ದಾರಿಯಲ್ಲಿ ಹೋದರು ಅಂತ ಅದು ಹೇಳುತ್ತಿಲ್ಲ. ಒಂದು ಸಾಲನ್ನು ಎತ್ತಿ ಬೇರೆ ಕಡೆ ಇಟ್ಟರೆ, ಅದರ ಲೆಕ್ಕದಲ್ಲಿ ಅದು ಒಂದು ಅಳಿಸುವಿಕೆ, ಇನ್ನೊಂದು ಸೇರಿಸುವಿಕೆ, ಅಷ್ಟೆ. ಗಿಟ್ ಬೇಕಿದ್ದರೆ ಜಾಗ ಬದಲಿಸಿದ ಸಾಲುಗಳಿಗೆ ಬೇರೆ ಬಣ್ಣ ಹಚ್ಚಿ ತೋರಿಸುತ್ತದೆ. ಯಾಕೆ ಬದಲಿಸಿದರು ಅನ್ನುವುದನ್ನು ಮಾತ್ರ ಬದಲಿಸಿದವರೇ ಹೇಳಬೇಕು. ನನ್ನ ತಕರಾರಿನ ಅರ್ಧ ಭಾಗ ಅದೇ.

ಸಾಫ್ಟ್‌ವೇರ್‌ನವರು ಇದನ್ನು ಬಹಳ ಹಿಂದೆಯೇ ರೂಢಿ ಮಾಡಿಕೊಂಡರು. 1985ರಲ್ಲಿ ಲ್ಯಾರಿ ವಾಲ್ 'ಪ್ಯಾಚ್' ಅನ್ನುವ ಪ್ರೋಗ್ರಾಂ ಬರೆದರು. ಡಿಫ್ ತೆಗೆದ ವ್ಯತ್ಯಾಸವನ್ನು ಹಳೆ ಪ್ರತಿಯ ಮೇಲೆ ಹಾಕಿ ಹೊಸ ಪ್ರತಿ ಮಾಡಿಕೊಡುವುದು ಅದರ ಕೆಲಸ. ಅಲ್ಲಿಂದ ಮುಂದೆ ಇಡೀ ಫೈಲು ಕಳಿಸುವ ಅಗತ್ಯವೇ ಹೋಯಿತು. ವ್ಯತ್ಯಾಸ ಮಾತ್ರ ಇಮೇಲ್ ಮಾಡಿದರೆ ಸಾಕು. ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳು, ಬೆಳೆದದ್ದೇ ಹೀಗೆ. ಮುಖ ನೋಡದವರು ಪರಸ್ಪರ ಪ್ಯಾಚ್ ಕಳಿಸಿ, ಪ್ರತಿ ಪ್ಯಾಚಿನ ಮೇಲೆ ಯಾಕೆ ಈ ಬದಲಾವಣೆ ಅಂತ ಒಂದು ಒಕ್ಕಣೆ ಬರೆದು. ಅಲ್ಲಿ 'ಸಣ್ಣಪುಟ್ಟ ತಿದ್ದುಪಡಿ' ಅಂತ ಬರೆದು ಸಾವಿರ ಸಾಲು ಕಳಿಸಿದರೆ ಯಾರೂ ಮುಟ್ಟಿ ನೋಡುವುದಿಲ್ಲ. ಕನ್ನಡ ವಿಕಿಪೀಡಿಯ, ತುಳು ವಿಕಿಪೀಡಿಯದಲ್ಲಿ ಬರೆಯುವವರಿಗೂ ಇದು ಗೊತ್ತು. ಇತಿಹಾಸದ ಪುಟ ತೆರೆದರೆ ಯಾರು, ಯಾವಾಗ, ಯಾವ ಸಾಲು ಮುಟ್ಟಿದರು ಅಂತ ಬಣ್ಣದಲ್ಲಿ ಕಾಣುತ್ತದೆ.

ಈಗ ಕನ್ನಡದ ಸಂಕಟಕ್ಕೆ ಬರುತ್ತೇನೆ. ಇದನ್ನು ಇಂಗ್ಲಿಷಿನಲ್ಲೇ ಕೆಲಸ ಮಾಡುವವರು ಅಷ್ಟಾಗಿ ಅನುಭವಿಸಿಲ್ಲ.

ಮೊದಲನೆಯದಾಗಿ, ಸಾಲು ಅಂದರೆ ಯಾವುದು? ಪ್ರೋಗ್ರಾಂ ಬರೆಯುವವರು ಸಾಲು ಸಾಲಾಗಿ ಎಂಟರ್ ಒತ್ತುತ್ತಾರೆ. ನಾವು ವರ್ಡ್‌ನಲ್ಲಿ ಪ್ಯಾರಾ ಮುಗಿದ ಮೇಲೆ ಒತ್ತುತ್ತೇವೆ. ಕಂಪ್ಯೂಟರಿಗೆ ಇಡೀ ಪ್ಯಾರಾ ಒಂದು ಸಾಲು. ಒಂದು ಅಲ್ಪವಿರಾಮ ತೆಗೆದರೂ ಪ್ಯಾರಾ ಪೂರ್ತಿ ಕೆಂಪು (ತೆಗೆದದ್ದು), ಅದರ ಕೆಳಗೆ ಪೂರ್ತಿ ಹಸಿರು (ಸೇರಿಸಿದ್ದು). ಯಕ್ಷಗಾನ ಪ್ರಸಂಗದ ಪದ್ಯಗಳನ್ನು ಟೈಪ್ ಮಾಡುವವರು ಪುಣ್ಯವಂತರು. ಭಾಮಿನಿಗೆ ಆರು ಸಾಲು, ಎಲ್ಲಿ ಮುರಿಯಬೇಕು ಅಂತ ಛಂದಸ್ಸೇ ಹೇಳಿಬಿಟ್ಟಿದೆ. ಪಾಠಾಂತರ ಇದ್ದರೆ ಆ ಸಾಲು ಮಾತ್ರ ಎದ್ದು ಕಾಣುತ್ತದೆ. ಗದ್ಯಕ್ಕೆ ಆ ಭಾಗ್ಯ ಇಲ್ಲ. ಹಾಗಾಗಿ ನಾನು ಕರಡು ಬರೆಯುವಾಗ ಒಂದು ವಾಕ್ಯಕ್ಕೆ ಒಂದು ಸಾಲು ಮಾಡಿಕೊಳ್ಳುತ್ತೇನೆ, ಕೊನೆಗೆ ಒಟ್ಟು ಸೇರಿಸುತ್ತೇನೆ.

ಪದಕ್ಕೆ ಪದ ಹೋಲಿಸಿದರೂ ಆಗುತ್ತದೆ. ಕನ್ನಡಕ್ಕೆ ಅದು ಚೆನ್ನಾಗಿಯೇ ಒಗ್ಗುತ್ತದೆ. 'ಸದಸ್ಯರು' ಹೋಗಿ 'ಸದಸ್ಯರಿಗೆ' ಆದರೆ ಇಡೀ ಪದ ಬಣ್ಣ ಬದಲಿಸುತ್ತದೆ, ಓದಲು ಸುಲಭ. ಅಕ್ಷರಕ್ಕೆ ಅಕ್ಷರ ಹೋಲಿಸಲು ಮಾತ್ರ ಹೋಗಬೇಡಿ. ಒಂದು ಗುಣಿತ ಚಿಹ್ನೆ ಬದಲಾದರೆ ವ್ಯಂಜನ ಒಂದು ಕಡೆ, ಕೊಂಬು ಇನ್ನೊಂದು ಕಡೆ, ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದು ನಿಂತಿರುತ್ತದೆ. ನೋಡಲಿಕ್ಕಾಗುವುದಿಲ್ಲ.

ಇನ್ನು ಕಣ್ಣಿಗೆ ಕಾಣದ ವ್ಯತ್ಯಾಸಗಳು. 'ಕೋ' ಅನ್ನುವ ಅಕ್ಷರ ತೆಗೆದುಕೊಳ್ಳಿ. ಯುನಿಕೋಡಿನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನೊಳಗೆ ಒಂದೊಂದು ಸಂಖ್ಯೆ ಕೊಡುವ ಪದ್ಧತಿ ಅದು) ಓತ್ವ ದೀರ್ಘವನ್ನು ಒಂದೇ ಚಿಹ್ನೆಯಾಗಿ ಇಡಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಇಡಬಹುದು. ಪರದೆಯಲ್ಲಿ ಎರಡೂ ಒಂದೇ. ಡಿಫ್‌ಗೆ ಎರಡೂ ಬೇರೆ. 'ಫೈನಲ್' ಅಂತ ಲಕಾರದ ಅರ್ಧಾಕ್ಷರದಲ್ಲಿ ಮುಗಿಯುವ ಪದದ ತುದಿಗೆ ಕೆಲವು ಕೀಬೋರ್ಡುಗಳು ಕಾಣದ ಗುರುತೊಂದನ್ನು ಅಂಟಿಸುತ್ತವೆ, ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಹೋಗದಿರಲಿ ಅಂತ. ಇನ್ನೊಬ್ಬರ ಕೀಬೋರ್ಡ್ ಅಂಟಿಸುವುದಿಲ್ಲ. ಒಬ್ಬರು ಟೈಪ್ ಮಾಡಿದ್ದನ್ನು ಇನ್ನೊಬ್ಬರು ಪುನಃ ಟೈಪ್ ಮಾಡಿದರೆ ಮುಗಿಯಿತು, ಒಂದಕ್ಷರ ಬದಲಾಗದಿದ್ದರೂ ಪುಟ ತುಂಬ ಕೆಂಪು ಹಸಿರು.

ಓತ್ವದ ಸಮಸ್ಯೆಗೆ ಮದ್ದುಂಟು. ಎರಡೂ ಪ್ರತಿಗಳನ್ನು ಯುನಿಕೋಡಿನ ಒಂದೇ ಸಿದ್ಧರೂಪಕ್ಕೆ ತಂದು ಆಮೇಲೆ ಹೋಲಿಸಬೇಕು. ಆದರೆ ಇದನ್ನು ನೋಡಿ:

- ಮ೦ಗಳೂರು
+ ಮಂಗಳೂರು

ಕಂಡಿತಾ? ಮೇಲಿನದ್ದರಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಕೂತಿದೆ. ಊರಿನ ಹೆಸರನ್ನೇ ಹೀಗೆ ಟೈಪ್ ಮಾಡಿದವರಿದ್ದಾರೆ. ಯಾವ ಸಿದ್ಧರೂಪಕ್ಕೆ ತಂದರೂ ಇದು ಸರಿಯಾಗುವುದಿಲ್ಲ, ಯಾಕೆಂದರೆ ಯುನಿಕೋಡ್ ಪ್ರಕಾರ ಅವು ನಿಜವಾಗಿಯೂ ಬೇರೆ ಬೇರೆ. ಇಂಥ ಕಡೆ ಡಿಫ್ ಮನುಷ್ಯನ ಕಣ್ಣಿಗಿಂತ ಚುರುಕು.

'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಫೈಲುಗಳದ್ದು ಬೇರೆಯೇ ಲೋಕ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳು, ಮೇಲೆ ಕನ್ನಡದ ವೇಷ. ಯುನಿಕೋಡಿಗೆ ಬದಲಾಯಿಸದೆ ಹೋಲಿಸಲು ಕೂತರೆ ತಲೆನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ಪಿಡಿಎಫ್ ಆದರೆ ಇನ್ನೂ ಕಷ್ಟ. ಫೋಟೊ ಆದರೆ ಕೇಳುವುದೇ ಬೇಡ.

ನಮ್ಮ ಅಸೋಸಿಯೇಶನ್‌ನ ಹಿರಿಯರೊಬ್ಬರು ನನ್ನ ಕೆಂಪು ಹಸಿರು ಪಟ್ಟಿ ನೋಡಿ ಕೇಳಿದರು, "ಎಂತ ಮಾರಾಯ್ರೆ, ನಮ್ಮ ಮೇಲೆ ನಂಬಿಕೆ ಇಲ್ವಾ?"

ಈ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಸಂಜೆ ಹೊತ್ತು ಸಂಬಳವಿಲ್ಲದೆ ದುಡಿಯುವವರು ಅವರು. ಆದರೆ ಹೋಲಿಸಿ ನೋಡುವುದು ಅಪನಂಬಿಕೆ ಯಾವಾಗ ಆಯಿತು? ಮಂಗಳೂರು 1843ರಲ್ಲೇ ಕನ್ನಡದ ಮೊದಲ ಪತ್ರಿಕೆ ತಂದ ಊರು, 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದು ಇಲ್ಲಿಯ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ. ಮೊಳೆ ಜೋಡಿಸುವ ಕಾಲದ ಅಚ್ಚುಕೂಟಗಳಲ್ಲಿ ಒಬ್ಬರು ಮೂಲ ಪ್ರತಿಯನ್ನು ಜೋರಾಗಿ ಓದುವುದು, ಇನ್ನೊಬ್ಬರು ಕರಡಿನಲ್ಲಿ ಬೆರಳಿಟ್ಟು ನೋಡುವುದು ದಿನದ ಕೆಲಸ. ಅದರಿಂದ ಮೊಳೆ ಜೋಡಿಸುವವರಿಗೆ ಅವಮಾನ ಆಗುತ್ತಿರಲಿಲ್ಲ. ನಂಬಿಕೆ ಇದ್ದರೂ ಕಣ್ಣು ತಪ್ಪುತ್ತದೆ. ನಂಬಿಕೆ ಉಳಿಯಬೇಕಾದರೆ ತೋರಿಸಿಬಿಡುವುದೇ ಒಳ್ಳೆಯದು, ಆಮೇಲೆ ಯಾರೋ ದುಬೈಯಿಂದ ಬಂದು "ಇದು ಯಾವಾಗ ಬದಲಾಯ್ತು?" ಅಂತ ಕೇಳುವುದಕ್ಕಿಂತ.

ಮಾಡುವುದು ಕಷ್ಟವೂ ಅಲ್ಲ. ವರ್ಡ್‌ನಲ್ಲಿ ರಿವ್ಯೂ ಅಂತ ಇದೆ, ಅದರೊಳಗೆ ಕಂಪೇರ್. ಹಳೆಯದು, ಹೊಸದು ಎರಡನ್ನೂ ಕೊಟ್ಟರೆ ಮೂರನೇ ಪ್ರತಿಯಲ್ಲಿ ಗುರುತು ಹಾಕಿ ಕೊಡುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಟೂಲ್ಸ್ ಒಳಗೆ ಇದೇ ಸೌಲಭ್ಯ ಇದೆ. ಅಷ್ಟೂ ಆಗದಿದ್ದರೆ ಕೈಯಲ್ಲೇ ಬರೆಯಿರಿ: ಇಂಥ ಪುಟದ ಇಂಥ ನಿಯಮದಲ್ಲಿ ಇದಿತ್ತು, ಈಗ ಇದು, ಕಾರಣ ಇದು. ಮತ್ತೆ, ದಯವಿಟ್ಟು ಪಿಡಿಎಫ್ ಜೊತೆ ಮೂಲ ಫೈಲನ್ನೂ ಹಾಕಿ. ಫೈಲಿನ ಹೆಸರಿನಲ್ಲಿ 'ಫೈನಲ್' ಬೇಡ, ತಾರೀಕು ಇರಲಿ.

ನಮ್ಮಲ್ಲಿ ಮುಂದಿನ ಕರಡು ಈ ತಿಂಗಳು ಬರಲಿಕ್ಕುಂಟು. ಹೋಲಿಕೆಯ ಪ್ರತಿಯನ್ನೂ ಸೇರಿಸಿ ಕಳಿಸುತ್ತೇವೆ ಅಂತ ಕಾರ್ಯದರ್ಶಿಯವರು ಒಪ್ಪಿದ್ದಾರೆ. 'ಹಾಜರಿದ್ದ' ಇರಬೇಕೋ ಬೇಡವೋ ಅಂತ ಗಲ್ಫ್‌ನವರೂ ಈಗ ಗ್ರೂಪಿನಲ್ಲಿ ಜೋರು ವಾದ ಮಾಡುತ್ತಿದ್ದಾರೆ. ಕೆಲವರು ಅದು ಇರಲಿ ಅನ್ನುತ್ತಿದ್ದಾರೆ, ನನಗೆ ಆಶ್ಚರ್ಯ.