ಕೂಲಿಯವರ ಊಟದಿಂದ ಅಳೆದರೆ ಯುರೋಪಿನ ಚರಿತ್ರೆ

ಮಧ್ಯಯುಗವೆಂದರೆ ಹಸಿವು ಮತ್ತು ಕೊಳಕು, ಅದಾದ ಮೇಲೆ ಅಚ್ಚಿನ ಯಂತ್ರ, ಸಮುದ್ರಯಾನಗಳೊಂದಿಗೆ ಎಲ್ಲರ ಬದುಕೂ ಹಸನಾಯಿತು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇಂಗ್ಲೆಂಡಿನ ಕೂಲಿಕಾರರ ಮಟ್ಟಿಗೆ ಇದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ನಾರ್ಫೋಕ್ ಸೀಮೆಯ ಸೆಜ್‌ಫರ್ಡ್ ಎಂಬ ಹಳ್ಳಿಯಲ್ಲಿ ಸುಗ್ಗಿಯ ಆಳುಗಳಿಗೆ ಹಾಕಿದ ಊಟದ ಲೆಕ್ಕಪತ್ರಗಳು ಉಳಿದುಬಂದಿವೆ. 13ನೆಯ ಶತಮಾನದ ನಡುವಿನಲ್ಲಿ ಅವರ ಹೊಟ್ಟೆ ತುಂಬಿಸುತ್ತಿದ್ದುದು ಬಹುಪಾಲು ಬಾರ್ಲಿ ರೊಟ್ಟಿ. ಮಾಂಸ ತೀರಾ ಕಡಿಮೆ. 1424ರ ಹೊತ್ತಿಗೆ ರೊಟ್ಟಿ ಗೋಧಿಯದಾಗಿತ್ತು, ಎರಡು ಪೌಂಡ್ ರೊಟ್ಟಿಗೆ ಸುಮಾರು ಒಂದು ಪೌಂಡ್ ಮಾಂಸ ಸಿಗುತ್ತಿತ್ತು, ಕುಡಿಯಲು ಬಾರ್ಲಿಯ ಮದ್ಯವೂ ಧಾರಾಳವಾಗಿತ್ತು.

ಈ ಸುಭಿಕ್ಷಕ್ಕೆ ತೆತ್ತ ಬೆಲೆ ಮಾತ್ರ ಘೋರವಾದದ್ದು. 1348ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟ ಪ್ಲೇಗು ಜನಸಂಖ್ಯೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಬಲಿ ತೆಗೆದುಕೊಂಡಿತು. ಉಳಿದವರ ದುಡಿಮೆಗೆ ಬೆಲೆ ಬಂದಾಗ, ಪ್ಲೇಗಿಗೆ ಮುಂಚಿನ ದರಕ್ಕಿಂತ ಹೆಚ್ಚು ಕೂಲಿ ಕೇಳಕೂಡದೆಂದು 1351ರಲ್ಲಿ ಕಾನೂನೇ ಬಂದಿತು. ಆದರೆ ಪೈರು ಹೊಲದಲ್ಲಿ ಉದುರುತ್ತಿರುವಾಗ ಆಳು ಸಿಕ್ಕರೆ ಸಾಕೆನ್ನುವ ಒಡೆಯರೇ ಅದನ್ನು ಮೀರಿದರು.

16ನೆಯ ಶತಮಾನದಲ್ಲಿ ಜನ ಮತ್ತೆ ಹೆಚ್ಚಿದರು, ಧಾನ್ಯದ ಬೆಲೆ ಏರಿತು, ಕೂಲಿ ಅದರ ಹಿಂದೆಯೇ ಉಳಿಯಿತು. ದಕ್ಷಿಣ ಇಂಗ್ಲೆಂಡಿನ ಕಟ್ಟಡ ಕೆಲಸಗಾರನೊಬ್ಬನ ದಿನಗೂಲಿಗೆ 15ನೆಯ ಶತಮಾನದ ಕೊನೆಯಲ್ಲಿ ಬರುತ್ತಿದ್ದ ದಿನಸಿಯಲ್ಲಿ 1600ರ ಸುಮಾರಿಗೆ ಅರ್ಧವೂ ಬರುತ್ತಿರಲಿಲ್ಲ. 1594ರಿಂದ ಸಾಲಾಗಿ ಬೆಳೆ ಕೈಕೊಟ್ಟಾಗ ಉತ್ತರದ ಕಂಬರ್‌ಲೆಂಡ್ ಕಡೆ ಜನ ಹಸಿವಿನಿಂದ ಸತ್ತರು.

ಹಾಗಾದರೆ ಆ ಕಾಲದಲ್ಲಿ ಏನೂ ಸುಧಾರಿಸಲಿಲ್ಲವೇ ಎಂದು ಕೇಳಬಹುದು. ಖಂಡಿತ ಸುಧಾರಿಸಿತು. ಎಸೆಕ್ಸಿನ ರಾಡ್‌ವಿಂಟರ್ ಹಳ್ಳಿಯ ಪಾದ್ರಿ ವಿಲಿಯಂ ಹ್ಯಾರಿಸನ್, ತನ್ನೂರಿನ ಮುದುಕರು ಹೇಳಿದ್ದನ್ನು ಬರೆದಿಟ್ಟಿದ್ದಾನೆ: ಹಿಂದೆ ಹುಲ್ಲಿನ ಹಾಸಿಗೆಯ ಮೇಲೆ ಮರದ ದಿಮ್ಮಿಗೆ ತಲೆಯಿಟ್ಟು ಮಲಗುತ್ತಿದ್ದರಂತೆ, ದಿಂಬು ಬಾಣಂತಿಯರಿಗೆ ಮಾತ್ರವಂತೆ, ಈಗ ಮನೆಗಳಿಗೆ ಹೊಗೆಗೂಡು ಬಂದಿದೆ, ಮರದ ತಟ್ಟೆಯ ಜಾಗಕ್ಕೆ ಲೋಹದ ತಟ್ಟೆ ಬಂದಿದೆ. ಪ್ರಗತಿಯ ಸಾಕ್ಷಿಯಾಗಿ ಈ ಮಾತುಗಳನ್ನು ಎತ್ತಿ ಹೇಳುವವರು ಬಹಳ. ನನಗೆ ಇದರಲ್ಲಿ ಕಾಣುವುದು ಸ್ವಂತ ಜಮೀನಿದ್ದು, ಏರಿದ ಬೆಲೆಗೆ ಧಾನ್ಯ ಮಾರಬಲ್ಲವರಾಗಿದ್ದ ರೈತರ ಮನೆ. ಅದೇ ಧಾನ್ಯವನ್ನು ಕೊಂಡು ತಿನ್ನಬೇಕಾದ ಕೂಲಿಯವರ ಮನೆಯಲ್ಲ. ಅದೇ ಮುದುಕರು ಕೆಟ್ಟಿರುವ ಸಂಗತಿಗಳನ್ನೂ ಹೇಳಿದ್ದರು: ಏರುತ್ತಿರುವ ಗೇಣಿ, ಗೇಣಿದಾರರ ಮೇಲೆ ಒಡೆಯರ ದಬ್ಬಾಳಿಕೆ, ಬಡ್ಡಿ ವ್ಯವಹಾರ.