ಹಾಡು ನಾಳೆ, ತೀರ್ಪು ಇವತ್ತೇ

ಕಾಸರಗೋಡಿನಲ್ಲಿ ನ್ಯಾಯಾಧೀಶರ ಕೊರತೆ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬದಿಯಡ್ಕ ಪೇಟೆಯಲ್ಲಿ ಬೆಳಗ್ಗೆ ಎಂಟು ಗಂಟೆಗೆ ಯಾವ ಹೋಟೆಲಿನ ಬೆಂಚು ನೋಡಿದರೂ ಅಲ್ಲೊಂದು ಪೂರ್ಣಪೀಠ ಆಸೀನವಾಗಿರುತ್ತದೆ. ಒಬ್ಬರು ರಿಟೈರ್ಡ್ ಮಾಸ್ಟ್ರು, ಒಬ್ಬರು ಅಡಿಕೆ ವ್ಯಾಪಾರಿ, ಒಬ್ಬ ಗಲ್ಫಿನಿಂದ ರಜೆಯಲ್ಲಿ ಬಂದವ, ಮತ್ತೊಬ್ಬ ಗಲ್ಫಿನ ವೀಸಾಕ್ಕೆ ಕಾಯುತ್ತಾ ಇರುವವ. ಹಿಂದಿನ ಸಂಜೆ ಬಿಡುಗಡೆಯಾದ ಹೊಸ ಹಾಡು ಆರೋಪಿ. ಚಹಾ ಬರುವ ಮೊದಲೇ ವಿಚಾರಣೆ ಮುಗಿದಿರುತ್ತದೆ.

“ಅದು ಡಬ್ಬ, ಮಾರಾಯ.”

“ನೀನು ಕೇಳಿದ್ದೀಯಾ?”

“ಕೇಳ್ಲಿಕ್ಕೆ ಎಂತ ಉಂಟು ಅದರಲ್ಲಿ? ಪ್ರೋಮೋ ನೋಡಿದೆ, ಸಾಕು.”

ಬೆಂಚನ್ನೇ ಬೈದು ಪ್ರಯೋಜನವಿಲ್ಲ, ಹಾಡು ಬಿಡುವವರೇ ಹೀಗೆ ಅಭ್ಯಾಸ ಮಾಡಿಸಿದ್ದಾರೆ. ಮೊದಲು ‘ನಾಳೆ ಒಂದು ಘೋಷಣೆ ಇದೆ’ ಎಂಬ ಪೋಸ್ಟರ್. ಮರುದಿನ, ಹಾಡು ಯಾವತ್ತು ಬರುತ್ತದೆ ಎಂಬ ಘೋಷಣೆ. ಆಮೇಲೆ ಪ್ರೋಮೋ. ಆಮೇಲೆ ಅಕ್ಷರಗಳು ಹಾರಾಡುವ ಲಿರಿಕಲ್ ವಿಡಿಯೋ. ಸಿನಿಮಾ ಬಂದು ಹೋದ ಮೇಲೆ ಫುಲ್ ವಿಡಿಯೋ. ನಮ್ಮಲ್ಲಿ ಮದುವೆಗೂ ಇಷ್ಟು ಶಾಸ್ತ್ರ ಇಲ್ಲ. ಇಷ್ಟು ಸಲ ಬಾಗಿಲು ಬಡಿದು ಬರುವ ಹಾಡನ್ನು ಕೂತು ಕೇಳುವ ತಾಳ್ಮೆ ಯಾರಿಗೆ ಉಳಿದಿರುತ್ತದೆ? ತೀರ್ಪು ಕೊಟ್ಟು ಕಳಿಸಿದರೆ ಎರಡೂ ಕಡೆಯವರಿಗೆ ಬಿಡುಗಡೆ.

ಗಡಿನಾಡಿನವರಿಗೆ ಇನ್ನೊಂದು ಅನುಕೂಲ ಉಂಟು. ಹೊಸ ಕನ್ನಡ ಸಿನಿಮಾ ನೋಡಬೇಕಾದರೆ ನಮ್ಮಲ್ಲಿ ಹೆಚ್ಚಿನವರು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗಬೇಕು. ಮಂಗಳೂರಿಗೆ ನಾವು ಹೋಗುವುದು ಆಸ್ಪತ್ರೆಗೆ ಮತ್ತು ಮದುವೆ ಜವಳಿಗೆ. ಸಿನಿಮಾಕ್ಕೆಂದು ಹೊರಟವನನ್ನು ಮನೆಯವರು ಸಂಶಯದಿಂದ ನೋಡುತ್ತಾರೆ. ಹಾಗಾಗಿ ಹಾಡು ನಮ್ಮ ಹತ್ತಿರ ಸಿನಿಮಾದ ಕೈ ಹಿಡಿದು ಬರುವುದಿಲ್ಲ. ಒಂಟಿಯಾಗಿ, ಮೊಬೈಲಿನೊಳಗೆ, ಹದಿನೈದು ಸೆಕೆಂಡಿನ ತುಂಡಾಗಿ ಬರುತ್ತದೆ. ಆ ತುಂಡಿನಲ್ಲಿ ನಾಯಕ ನಾಯಕಿ ಇರುವುದಿಲ್ಲ. ಯಾರೋ ಹಲಸಿನ ಹಪ್ಪಳ ಕರಿಯುತ್ತಾ ಇರುತ್ತಾರೆ, ಇಲ್ಲವೇ ಯಾರದ್ದೋ ಬೆಕ್ಕು ಕಪಾಟಿನಿಂದ ಬೀಳುತ್ತಾ ಇರುತ್ತದೆ. ಬೆಕ್ಕು ಚೆಂದ ಬಿದ್ದರೆ ಹಾಡು ಸೂಪರ್ ಹಿಟ್. ಸ್ಪಾಟಿಫೈಯವರು 30 ಸೆಕೆಂಡು ಕೇಳಿದರೆ ಮಾತ್ರ ಒಂದು ಸಲ ಕೇಳಿದಂತೆ ಎಂದು ಲೆಕ್ಕ ಹಿಡಿಯುತ್ತಾರಂತೆ. ಎಷ್ಟು ಕಠಿಣ ನಿಯಮ! ನಮ್ಮ ಪೀಠದ ಯಾವ ಸದಸ್ಯನೂ ಅದರಲ್ಲಿ ಪಾಸಾಗುವುದಿಲ್ಲ.

ಪೀಠಕ್ಕೊಂದು ಭಾಷಾನೀತಿಯೂ ಇದೆ. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣದಲ್ಲಿ ಹೇಳಿಸಿಕೊಳ್ಳುವ ಊರಲ್ಲವೇ! ಮಲಯಾಳದ ಹೊಸ ಹಾಡಾದರೆ ‘ಅಡಿಪೊಳಿ’. ತುಳುವಿನದ್ದಾದರೆ ‘ಭಾರಿ ಪೊರ್ಲುಂಡು’. ತಮಿಳಿನದ್ದಕ್ಕೆ ‘ವೇರೆ ಲೆವೆಲ್’. ಹಿಂದಿಯದ್ದಕ್ಕೆ ಮಾತಿಲ್ಲ, ಕಣ್ಣು ಮುಚ್ಚಿ ತಲೆ ಆಡಿಸುವುದು ಮಾತ್ರ. ಕನ್ನಡದ್ದು ಬಂತೋ, ಮಾಸ್ಟ್ರು ಕನ್ನಡಕ ತೆಗೆದು ಒರೆಸತೊಡಗುತ್ತಾರೆ. “ಪಲ್ಲವಿ ಅಡ್ಡಿಯಿಲ್ಲ. ಆದರೆ ಎರಡನೇ ಚರಣದಲ್ಲಿ ‘ಹೃದಯ’ಕ್ಕೆ ‘ರುದಯ’ ಅಂತ ಹಾಡಿದ್ದಾನೆ. ಎಲ್ಲಿಂದ ಹಿಡಿದು ತರುತ್ತಾರೆ ಇವರನ್ನು?” ಮಲಯಾಳ ನಮಗೆ ಬಸ್ಸಿಗೂ ರೇಷನ್ನಿಗೂ ಸಾಕಾಗುವಷ್ಟು ಬರುತ್ತದೆ. ತಮಿಳು ಅದಕ್ಕಿಂತ ಕಡಿಮೆ. ಅರ್ಧಂಬರ್ಧ ತಿಳಿಯುವುದರಿಂದ ಅವೆಲ್ಲ ಕಾವ್ಯ. ಕನ್ನಡದ್ದು ಪೂರ್ತಿ ತಿಳಿಯುವುದರಿಂದ ಸಾಹಿತ್ಯದ ಅಧಃಪತನ.

ಇದೇ ಮಾಸ್ಟ್ರ ಎದುರು ಕಾಞಂಗಾಡಿನ ಹೊಸದುರ್ಗದ ಕಡೆಯ ಮಲಯಾಳಿಯೊಬ್ಬರು, “ನಿಮ್ಮ ಕನ್ನಡ ಹಾಡಿನಲ್ಲಿ ಗಲಾಟೆಯೇ ಜಾಸ್ತಿ ಅಲ್ವಾ ಮಾಷೇ?” ಎಂದು ಕೇಳಲಿ ನೋಡೋಣ. ಕನ್ನಡಕ ಮೂಗಿಗೇರುತ್ತದೆ. ‘ರುದಯ’ ಹಾಡಿದವನೇ ಗಂಧರ್ವನಾಗುತ್ತಾನೆ. ಮಾತು ಹಾಡಿನಿಂದ ಮಹಾಜನ ಆಯೋಗಕ್ಕೆ ಹಾರುತ್ತದೆ. 1967ರ ವರದಿ, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕೆಂಬ ಶಿಫಾರಸು, ಎಲ್ಲ ಪುಟಸಮೇತ ಹೊರಬರುತ್ತದೆ. ಆ ಒಂದು ವರದಿ ಜಾರಿಯಾಗುವುದನ್ನು ಅಷ್ಟು ವರ್ಷ ಕಾದು ಕಾದು ನಮಗೆ ಸಾಕಾಗಿದೆ. ಉಳಿದ ಯಾವ ತೀರ್ಪಿಗೂ ಐದು ನಿಮಿಷಕ್ಕಿಂತ ಹೆಚ್ಚು ಕಾಯುವವರಲ್ಲ ನಾವು.

ಹಾಡಿನ ವಿಷಯದಲ್ಲಿ ನಮ್ಮ ಸ್ವಾಭಿಮಾನದ ಪರಮಾವಧಿ ಬೇಕಲ ಕೋಟೆ. ಮಣಿರತ್ನಂ ಅವರ 1995ರ ಸಿನಿಮಾದ ಒಂದು ಮಳೆಯ ಹಾಡು ಅಲ್ಲಿ ಚಿತ್ರೀಕರಣವಾಯಿತು. ಕೋಟೆ ಕಟ್ಟಿಸಿದವ ಕೆಳದಿಯ ಶಿವಪ್ಪ ನಾಯಕ, ಸಿನಿಮಾ ತಮಿಳಿನದ್ದು, ಟಿಕೇಟು ಹರಿಯುವುದು ಕೇಂದ್ರ ಸರಕಾರದ ಪುರಾತತ್ತ್ವ ಇಲಾಖೆ. ಹಾಡು ಮಾತ್ರ ‘ನಮ್ಮದು’. ಅದಾದ ಮೇಲೆ ಬಂದ ಯಾವ ಹೊಸ ಹಾಡನ್ನೂ ಗಲ್ಫಿನವ ಅದಕ್ಕೆ ಸಮವೆಂದು ಒಪ್ಪಿದ್ದಿಲ್ಲ. ಅವನು ಬೇಕಲಕ್ಕೆ ಹೋದದ್ದು ಒಂದೇ ಸಲ, ತನ್ನ ಮದುವೆಯ ಫೋಟೋ ಶೂಟಿಗೆ.

ಇನ್ನು ಅಂಕಿಸಂಖ್ಯೆ. ವೀಸಾ ಕಾಯುವ ಹುಡುಗನಿಗೆ ರಾಗ ತಾಳ ಬೇಡ, ಲೆಕ್ಕ ಸಾಕು. “ಒಂದು ದಿನದಲ್ಲಿ ಒಂದು ಕೋಟಿ ವ್ಯೂಸ್!” ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ 13 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಕಿವಿ ಕೇಳದ ಅಜ್ಜಿಯವರೆಗೆ ಪ್ರತಿಯೊಬ್ಬರೂ ಏಳೆಂಟು ಸಲ ಕೇಳಿದರೆ ಒಂದು ಕೋಟಿ. 2019ರ ಜುಲೈಯಲ್ಲಿ ಹಿಂದಿಯ ಒಂದು ರ್‍ಯಾಪ್ ಹಾಡಿಗೆ 24 ಗಂಟೆಯಲ್ಲಿ 7.5 ಕೋಟಿ ವೀಕ್ಷಣೆ ಬಂತೆಂದು ದಾಖಲೆಯ ಡಂಗುರ ಸಾರಿದರು. ಜಾಹೀರಾತಿಗೆ ದುಡ್ಡು ಸುರಿದು ತಂದ ಕಣ್ಣುಗಳೂ ಅದರಲ್ಲಿದ್ದವು ಎಂದು ಗಲಾಟೆ ಎದ್ದಿತು. ಆ ಸೆಪ್ಟೆಂಬರಿನಲ್ಲಿ ಯೂಟ್ಯೂಬ್, ದಾಖಲೆಯ ಲೆಕ್ಕಕ್ಕೆ ಇನ್ನು ಜಾಹೀರಾತಿನ ವೀಕ್ಷಣೆ ಸೇರುವುದಿಲ್ಲ ಎಂದಿತು. 2025ರಲ್ಲಿ ಅದು ತನ್ನ ‘ಟ್ರೆಂಡಿಂಗ್’ ಪುಟವನ್ನೇ ಕಿತ್ತುಹಾಕಿತು. ಪುಟ ಹೋದರೂ ಪೋಸ್ಟರುಗಳಿಗೆ ಸುದ್ದಿ ಮುಟ್ಟಿಲ್ಲ. ಬಂದ ಬಂದ ಹಾಡೆಲ್ಲ ಈಗಲೂ ಟ್ರೆಂಡಿಂಗಿನಲ್ಲಿ ನಂಬರ್ ಒಂದು. ಎರಡನೇ ನಂಬರಿನ ಹಾಡು ಯಾವುದೆಂದು ಇವತ್ತಿನವರೆಗೆ ಯಾವ ಪೋಸ್ಟರಿನಲ್ಲೂ ಕಂಡವರಿಲ್ಲ.

ಅತಿ ಕೆಟ್ಟ ಹಾಡು ಯಾವುದೆಂದು ತಿಳಿಯುವ ದಾರಿ ಅದಕ್ಕೂ ಮೊದಲೇ ಮುಚ್ಚಿತ್ತು. 2021ರ ನವೆಂಬರಿನಿಂದ ಯೂಟ್ಯೂಬ್ ಡಿಸ್‌ಲೈಕ್‌ಗಳ ಸಂಖ್ಯೆಯನ್ನು ನೋಡುಗರಿಗೆ ತೋರಿಸುತ್ತಿಲ್ಲ. ಕೆಳಮುಖದ ಹೆಬ್ಬೆರಳನ್ನು ಒತ್ತಬಹುದು, ಒತ್ತಿದವರು ಎಷ್ಟು ಮಂದಿ ಎಂದು ಕೇಳುವಂತಿಲ್ಲ. ಅಂದಿನಿಂದ ಭಾರತದಲ್ಲಿ ಕೆಟ್ಟ ಹಾಡೇ ಬಂದಿಲ್ಲ.

ಬಂದದ್ದು ಬಾಯಲ್ಲಿ ಮಾತ್ರ. ಬಾಯಲ್ಲಿ ಬರುವುದಕ್ಕೆ ಪ್ರಶಸ್ತ ದಿನ ನವೆಂಬರ್ 1. ನಮಗೆ ಆ ದಿನ ಡಬ್ಬಲ್ ಹಬ್ಬ: ಬೆಳಗ್ಗೆ ಸರಕಾರಿ ಲೆಕ್ಕದಲ್ಲಿ ಕೇರಳ ಪಿರವಿ, ಸಂಜೆ ಮನಸ್ಸಿನ ಲೆಕ್ಕದಲ್ಲಿ ಕನ್ನಡ ರಾಜ್ಯೋತ್ಸವ. 1956ರಲ್ಲಿ ನಾವು ಆ ಕಡೆ ಹೋದದ್ದೂ ಅವರು ಈ ಕಡೆ ಒಂದಾದದ್ದೂ ಒಂದೇ ದಿನ. ಸಂಜೆಯ ಸಭೆಗೆ ಬೆಂಗಳೂರಿನಿಂದ ಅತಿಥಿಗಳು ಬರುತ್ತಾರೆ, ಗಡಿನಾಡಿನ ಕನ್ನಡಪ್ರೇಮಕ್ಕೆ ಗದ್ಗದಿತರಾಗುತ್ತಾರೆ, ಆಮೇಲೆ ಇಂದಿನ ಚಿತ್ರಗೀತೆಗಳ ಮೇಲೆ ಮುಗಿಬೀಳುತ್ತಾರೆ. ಒಂದು ವರ್ಷದ ಅತಿಥಿಗಳು ಹೊಸ ಹಾಡು ಎಷ್ಟು ಹಾಳಾಗಿದೆ ಎನ್ನಲು ಉದಾಹರಣೆಯಾಗಿ ನಾಲ್ಕು ಸಾಲು ಎತ್ತಿ ಹೇಳಿದರು. ಐದನೆಯ ಸಾಲನ್ನು ಸಭೆ ಒಕ್ಕೊರಲಿನಿಂದ ತಾನೇ ಪೂರೈಸಿತು, ಹಿಂದಿನ ಸಾಲಿನ ಹೆಂಗಸರು ಆರನೆಯದನ್ನೂ. ಅತಿಥಿಗಳು ನೀರು ಕುಡಿದರು. ಭಾಷಣದ ಬಳಿಕ ರಸಮಂಜರಿ ಸುರುವಾದಾಗ ಬಂದ ಮೊದಲ ಚೀಟಿಯಲ್ಲಿ ಯಾವ ಹಾಡಿನ ಬೇಡಿಕೆ ಇತ್ತೆಂದು ಬೇರೆ ಹೇಳಬೇಕಾಗಿಲ್ಲ.

ಹೊಸ ಹಾಡನ್ನು ಬೈಯುವವರಲ್ಲಿ ಮಂತ್ರಿಗಳೂ ಇದ್ದರು. ಐವತ್ತರ ದಶಕದಲ್ಲಿ ಕೇಂದ್ರದ ವಾರ್ತಾ ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಕೀಳು ಎಂಬ ಅಭಿಪ್ರಾಯ. ಮಂತ್ರಿಗೆ ಬಂದ ಅಭಿಪ್ರಾಯ ಬರೀ ಅಭಿಪ್ರಾಯವಾಗಿ ಉಳಿಯುವುದಿಲ್ಲವಲ್ಲ, 1952ರ ಹೊತ್ತಿಗೆ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮೂಲೆಗೆ ಬಿದ್ದವು. ಜನ ಸುಮ್ಮನೆ ರೇಡಿಯೋದ ಮುಳ್ಳು ತಿರುಗಿಸಿ ಸಿಲೋನ್ ಹಿಡಿದರು. ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಅಲ್ಲಿ ಸುರುವಾದದ್ದೂ 1952ರಲ್ಲೇ. ದೇಶದ ಹಾಡು ಕೇಳಲು ದೇಶ ದಾಟಿದ ಕಿವಿಗಳನ್ನು ಮರಳಿ ಕರೆತರಲು 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಹುಟ್ಟಬೇಕಾಯಿತು. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತ ಗೊತ್ತಿತ್ತು, ಅಷ್ಟನ್ನು ಒಪ್ಪಬೇಕು. ನಮ್ಮ ಪೀಠಕ್ಕೆ ಆ ತೊಂದರೆ ಇಲ್ಲ.

ಗೊತ್ತಿದ್ದು ಮಾತಾಡುವವರು ನಮ್ಮಲ್ಲಿ ಇಲ್ಲವೆಂದಲ್ಲ. ಕುಂಬಳೆಯ ಪಕ್ಕದ ಮೊಗ್ರಾಲನ್ನು ‘ಇಶಲ್ ಗ್ರಾಮ’ ಎಂದು ಕರೆಯುತ್ತಾರೆ, ಮಲಬಾರಿನ ಮುಸ್ಲಿಮರ ಮಾಪಿಳ್ಳೆ ಹಾಡಿನ ಊರು. ಹಳೆಯ ಕಟ್ಟಿನ ಹಾಡಿಗೆ ಅಲ್ಲಿ ಕಂಬಿ, ಕಳುತ್ತ್, ವಾಲ್‌ಕಂಬಿ ಎಂದು ಪ್ರಾಸದ ಕಟ್ಟುನಿಟ್ಟು ಉಂಟು. ಕಂಬಿ ತಪ್ಪಿದರೆ ತಪ್ಪಿತೆಂದು ಹೇಳಬಲ್ಲ ಕಿವಿಗಳೂ ಉಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಭಾಗವತರ ಪದ್ಯ ಸರಿಯೋ ತಪ್ಪೋ ಎನ್ನಬೇಕಾದರೆ ಮೊದಲು ರಾತ್ರಿಯಿಡೀ ನಿದ್ದೆಗೆಟ್ಟು ಕೂತಿರಬೇಕಿತ್ತು. ಇಂಥವರ ಬಾಯಿಯಿಂದ ‘ಡಬ್ಬ’, ‘ಬೆಂಕಿ’ ಮುಂತಾದ ಪಾರಿಭಾಷಿಕ ಪದಗಳು ಹೊರಡುವುದಿಲ್ಲ. ಆದ್ದರಿಂದ ಅವರನ್ನು ಯಾರೂ ಬೆಂಚಿಗೆ ಕರೆಯುವುದಿಲ್ಲ.

ಹೊಸತು ಎಂದರೆ ಎಷ್ಟು ಹೊಸತು ಎಂಬ ಪ್ರಶ್ನೆಯೂ ಪೀಠದ ಮುಂದೆ ಬಂದಿತ್ತು. 2024ರ ಆರಂಭದಲ್ಲಿ ಎಲ್ಲರ ಮೊಬೈಲಿನಲ್ಲೂ ‘ಕರಿಮಣಿ ಮಾಲೀಕ’. ವೀಸಾ ಹುಡುಗ ಅದನ್ನು ವರ್ಷದ ಅತ್ಯುತ್ತಮ ಹೊಸ ಹಾಡೆಂದು ಘೋಷಿಸಿದ. ಮಾಸ್ಟ್ರು ಎಂದಿನಂತೆ, “ಇವತ್ತಿನ ಹಾಡಲ್ಲಿ ಎಂತ ಉಂಟು, ನಮ್ಮ ಕಾಲದ್ದೇ ಚೆಂದ” ಎಂದರು. ಹಾಡು 1999ರ ‘ಉಪೇಂದ್ರ’ ಸಿನಿಮಾದ್ದು, ಗುರುಕಿರಣ್ ಸ್ವರ ಹಾಕಿದ್ದು, ಹುಡುಗ ಹುಟ್ಟುವುದಕ್ಕಿಂತ ಹಿಂದಿನದ್ದು, ಮಾಸ್ಟ್ರು ಸರ್ವಿಸಿನಲ್ಲಿದ್ದ ಕಾಲದ್ದು ಎಂದು ಗೊತ್ತಾದಾಗ ಬೆಂಚಿನಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ ಇಬ್ಬರೂ ತಮ್ಮ ತಮ್ಮ ತೀರ್ಪನ್ನು ಎತ್ತಿಹಿಡಿದರು.

ಇಷ್ಟೂ ಸಿನಿಮಾ ಹಾಡಿನ ಕತೆ. ನಮ್ಮೂರಿನ ನಿಜವಾದ ಹೊಸ ಹಾಡುಗಳು ಬೇರೆಯೇ. ಬ್ರಹ್ಮಕಲಶ ಇರಲಿ, ಜಾತ್ರೆ ಇರಲಿ, ಭಜನಾ ಮಂದಿರದ ವಾರ್ಷಿಕೋತ್ಸವ ಇರಲಿ, ಚಪ್ಪರಕ್ಕೆ ಕಂಬ ನೆಡುವ ಮೊದಲು ಒಂದು ‘ಆಲ್ಬಂ ಸಾಂಗ್’ ಬೇಕೇ ಬೇಕು. ಡ್ರೋನು ಕಂಗಿನ ತೋಟದ ಮೇಲಿಂದ ಹಾರಿಬಂದು ಗೋಪುರ ತೋರಿಸುತ್ತದೆ. ಒಂದು ಮಗು ಹೂವಿನ ಬುಟ್ಟಿ ಹಿಡಿದು ನಿಧಾನವಾಗಿ, ತೀರಾ ನಿಧಾನವಾಗಿ, ಮೆಟ್ಟಿಲು ಹತ್ತುತ್ತದೆ. ಗಾಯಕರು ಹೆಡ್‌ಫೋನಿಗೆ ಕೈ ಹಚ್ಚಿ ಕಣ್ಣು ಮುಚ್ಚುತ್ತಾರೆ. ಹಾಡು ನಾಲ್ಕು ನಿಮಿಷ, ಲೋಕಾರ್ಪಣೆ ಎರಡು ಗಂಟೆ. ದೀಪ ಬೆಳಗಿಸುವವರು ಒಬ್ಬರು, ಉದ್ಘಾಟಿಸುವವರು ಒಬ್ಬರು, ಅಧ್ಯಕ್ಷರು, ದಿಕ್ಸೂಚಿ ಭಾಷಣದವರು, ಶುಭಾಶಂಸನೆಗೆ ಒಂದು ಪೂರ್ತಿ ಸಾಲು ಕುರ್ಚಿ. ಹಾಡು ಕೇಳದೆಯೇ ಹಾಡಿನ ಭಾವ, ಭಕ್ತಿ, ಲಾಲಿತ್ಯದ ಬಗ್ಗೆ ಅಷ್ಟು ಹೊತ್ತು ಮಾತಾಡುವುದು ಸಣ್ಣ ಕಲೆಯಲ್ಲ. ಕೊನೆಗೆ ಮುಖ್ಯ ಅತಿಥಿಗಳು ಮೊಬೈಲಿನ ಬಟನ್ ಒತ್ತಿ ಹಾಡು ಬಿಡುಗಡೆ ಮಾಡುತ್ತಾರೆ. ಗುಡ್ಡದ ಮೇಲಿನ ದೇವಸ್ಥಾನ, ರೇಂಜ್ ಇಲ್ಲ. ಪರದೆಯ ಮೇಲೆ ಒಂದು ಬಳೆ ಸುತ್ತುತ್ತಲೇ ಇರುತ್ತದೆ. ಸಭೆ ಅದಕ್ಕೂ ಚಪ್ಪಾಳೆ ತಟ್ಟುತ್ತದೆ.

ಈ ಹಾಡನ್ನು ಕೆಟ್ಟದು ಎನ್ನುವ ಧೈರ್ಯ ಬದಿಯಡ್ಕದ ಪೀಠಕ್ಕೂ ಇಲ್ಲ. ಹಾಡಿದವಳು ಕಾರ್ಯದರ್ಶಿಯ ಮಗಳು, ಬರೆದವ ಕೋಶಾಧಿಕಾರಿಯ ಭಾವ, ಉಳಿದದ್ದು ಸಾಕ್ಷಾತ್ ದೇವರು. ರಾಗ ಎಲ್ಲಿಯದ್ದು ಎಂದು ಗಲ್ಫಿನವನಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಆ ತಮಿಳು ಹಾಡಿಗೆ ‘ವೇರೆ ಲೆವೆಲ್’ ಎಂದವನೂ ಅವನೇ. ಆದರೂ ಕೈಮುಗಿದು ಕೂತಿರುತ್ತಾನೆ.

ಮೊನ್ನೆ ನಮ್ಮ ವಾರ್ಡಿನ ವಾಟ್ಸಾಪ್ ಗುಂಪಿಗೆ ಸಮಿತಿಯ ಸೂಚನೆ ಬಂತು: “ಆತ್ಮೀಯರೇ, ಜಾತ್ರೆಯ ಪ್ರಯುಕ್ತ ನಮ್ಮ ಹೊಸ ಭಕ್ತಿಗೀತೆ ಸೋಮವಾರ ಬಿಡುಗಡೆಯಾಗಲಿದೆ. ಕೇಳಿ ರೋಮಾಂಚನವಾಯಿತು, ಇಂಥ ಹಾಡು ಇತ್ತೀಚೆಗೆ ಬಂದಿಲ್ಲ ಎಂದು ಎಲ್ಲರೂ ತಪ್ಪದೆ ಕಮೆಂಟ್ ಹಾಕಬೇಕು. ಲಿಂಕ್ ನಂತರ ಕಳಿಸಲಾಗುವುದು.” ಲಿಂಕಿಗೆ ಕಾಯುವಷ್ಟು ಪುರುಸೊತ್ತು ಯಾರಿಗೆ? ಗುಂಪಿನ ಅರ್ಧ ಮಂದಿ ಅಲ್ಲೇ ರೋಮಾಂಚನಗೊಂಡರು. ಕೈಮುಗಿದ ಚಿತ್ರಗಳ ಮೆರವಣಿಗೆ ಮುಗಿದ ಮೇಲೆ, ಎಲ್ಲರ ಕೆಳಗೆ, ಕೋಶಾಧಿಕಾರಿಯ ಭಾವನ ಒಂದು ಸಾಲು: “ಎರಡನೇ ಚರಣ ಇನ್ನೂ ಆಗ್ಲಿಲ್ಲ. ದೇವರ ಹೆಸರಿಗೆ ಪ್ರಾಸ ಸಿಗ್ತಾ ಇಲ್ಲ, ಯಾರಿಗಾದ್ರೂ ಹೊಳೆದರೆ ಹೇಳಿ.”