ಬಿಲ್ಲಿನ ಬೆನ್ನು

ನಿನ್ನೆ ಮ್ಯಾನೇಜರ್ ಮತ್ತೆ ಸರ್ವರಿನ ಕೋಟಾ ಆಫ್ ಮಾಡಿಸಿದ್ರು. ಆಫ್ ಮಾಡೋದೇನ್ ಮಹಾ, ಒಂದು ಕಮಾಂಡ್ ಹೊಡುದ್ರೆ ಮುಗೀತು, ತಲೆನೋವೆಲ್ಲಾ ವಾಪಸ್ ಆನ್ ಮಾಡೋವಾಗ್ಲೇ, ಆದ್ರೆ ಅದನ್ನ ಕೇಳೋ ಪುರುಸೊತ್ತು ನಮ್ಮ ಆಫೀಸಲ್ಲಿ ಯಾರಿಗಿದೆ ಹೇಳಿ.

ಕೋಟಾ ಅಂದ್ರೆ, ಸರ್ವರಲ್ಲಿ ಫೈಲ್ ಇಡೋಕೆ ಒಬ್ಬೊಬ್ರಿಗೆ ಇಷ್ಟಿಷ್ಟು ಜಾಗ ಅಂತ ಇಟ್ಟಿದೀವಿ. ಸಾಫ್ಟ್ ಲಿಮಿಟ್ ದಾಟಿದ್ರೆ 7 ದಿನ ಟೈಮು, ಅಷ್ಟ್ರಲ್ಲಿ ಹಳೇದೆಲ್ಲ ಅಳಿಸ್ಕೋಬೇಕು. ಹಾರ್ಡ್ ಲಿಮಿಟ್ ಮುಟ್ಟಿದ್ರೆ ಮುಲಾಜೇ ಇಲ್ಲ, ಸೇವ್ ಆಗಲ್ಲ.

ಅಕೌಂಟ್ಸಲ್ಲಿ ಒಬ್ರು ಹಿರಿಯರಿದಾರೆ, ಬಂಗಾರದಂಥ ಮನುಷ್ಯ, ಆದ್ರೆ ಸ್ಕ್ಯಾನರ್ ಮುಂದೆ ಕೂತ್ರೆ ಮಾತ್ರ ಬೇರೆ ಅವತಾರ. ಕಾಫಿಪುಡಿ ಬಿಲ್ಲೇ ಆಗ್ಲಿ, 600 ಡಿಪಿಐ, ಅಂದ್ರೆ ಇಂಚಿಗೆ 600 ಚುಕ್ಕಿ, ಫುಲ್ ಕಲರ್, ಟಿಫ್ ಫೈಲು, ಸೈಜ್ ಕುಗ್ಗಿಸೋ ಕಂಪ್ರೆಷನ್ ಇಲ್ಲ. ಹಂಗೆ ಮಾಡಿದ್ರೆ ಎ4 ಹಾಳೆ ಒಂದಕ್ಕೆ ಹತ್ತತ್ರ 100 ಎಂಬಿ. ಅದನ್ನೇ 200 ಡಿಪಿಐ ಕಪ್ಪು-ಬಿಳುಪಲ್ಲಿ ಮಾಡಿದ್ರೆ ಅರ್ಧ ಎಂಬಿನೂ ಆಗಲ್ಲ. ಹೋಗ್ಲಿ ಅಂದ್ರೆ ಹಾಳೆ ತಿರುಗಿಸಿ ಹಿಂದ್ಗಡೆನೂ ಸ್ಕ್ಯಾನ್ ಮಾಡ್ತಾರೆ, ಅಲ್ಲಿ ಒಂದಕ್ಷರ ಇರಲ್ಲ! "ಸಾರ್, ಖಾಲಿ ಹಾಳೆ ಯಾಕ್ ಸಾರ್?" ಅಂದೆ. ಕನ್ನಡಕ ಹಣೆ ಮೇಲೇರಿಸಿ "ಹಿಂದೆ ಏನೂ ಬರ್ದಿಲ್ಲ ಅನ್ನೋಕೆ ಪ್ರೂಫ್ ಬೇಡ್ವೇನಪ್ಪ?" ಅಂದ್ರು. ಆ ಖಾಲಿ ಬೆನ್ನಿಗೂ 100 ಎಂಬಿನೇ, ಫೈಲ್ ಹೆಸ್ರು "ಹಿಂಬದಿ ಏನಿಲ್ಲ 14". ಅಂಥ ಏನಿಲ್ಲಗಳೇ ಒಂದು ಫೋಲ್ಡರ್ ತುಂಬ ಇವೆ.

ಹಂಗಾಗಿ ಅವ್ರ ಜಾಗ ತುಂಬಿ ಹೋಗಿತ್ತು. ಅವ್ರೊಬ್ರ ಲಿಮಿಟ್‌ಗೆ ಸೊನ್ನೆ ಹಾಕಿದ್ರೆ ಸಾಕಿತ್ತು, ಕೋಟಾದಲ್ಲಿ ಸೊನ್ನೆ ಅಂದ್ರೆ ಮಿತಿಯೇ ಇಲ್ಲ ಅಂತ. ಮ್ಯಾನೇಜರ್ ಒಪ್ಪಲಿಲ್ಲ, "ಒಬ್ರಿಗೆ ಮಾಡಿದ್ರೆ ಮಿಕ್ಕವ್ರು ಸುಮ್ನಿರ್ತಾರೇನ್ರೀ, ಎಲ್ರಿಗೂ ತೆಗ್ದಾಕಿ." ತೆಗ್ದಾಕಿದೆ. ಮಧ್ಯಾಹ್ನದೊಳಗೆ ಯಾರ್ದೋ ಮಗಳ ಆರತಕ್ಷತೆ, ಜಂಬೂಸವಾರಿ ವಿಡಿಯೋ, ಒಬ್ರ ಫೋನಿಗೆ ಫೋನೇ ಸರ್ವರಿಗೆ ಬಂದು ಕೂತಿತ್ತು.

ನಮ್ದು ಹಳೇ ಸರ್ವರು. ಕೋಟಾ ಆಫ್ ಇರೋವಾಗ ಯಾರು ಎಷ್ಟು ತುಂಬಿದ್ರು ಅಂತ ಅದು ಲೆಕ್ಕ ಇಡಲ್ಲ, ಹಂಗಾಗಿ ಆನ್ ಮಾಡೋಕ್ ಮುಂಚೆ ಕೋಟಾಚೆಕ್ ಅನ್ನೋ ಕಮಾಂಡ್ ಓಡಿಸಿ ಎಲ್ಲಾ ಫೈಲು ಮೊದ್ಲಿಂದ ಎಣಿಸ್ಬೇಕು, ಎಣಿಸೋವಾಗ ಯಾರೂ ಏನೂ ಬರೀಬಾರ್ದು, ಬರುದ್ರೆ ಲೆಕ್ಕ ತಪ್ಪುತ್ತೆ. ಅಂದ್ರೆ ಎಲ್ರೂ ಮನೆಗೆ ಹೋದ್ಮೇಲೆ ನಾನೊಬ್ನೇ ಕೂರ್ಬೇಕು, ಮಂಡ್ಯ ಟ್ರೈನ್ ಅದ್ರ ಪಾಡಿಗೆ ಅದು ಹೋಗಿರುತ್ತೆ.

ನಿನ್ನೆ ಹಂಗೆ ಕೂತಿದ್ದಾಗ ಹಿರಿಯರೂ ಉಳ್ಕೊಂಡಿದ್ರು, ಫ್ಲಾಸ್ಕಿಂದ ಅರ್ಧ ಲೋಟ ಕಾಫಿ ಬಗ್ಗಿಸ್ಕೊಟ್ರು. ಕೆಲ್ಸಕ್ಕೆ ಸೇರಿದ ಹೊಸ್ದ್ರಲ್ಲಿ ಯಾವ್ದೋ ವೋಚರಿನ ಹಿಂದೆ ಸಹಿ ಇತ್ತಂತೆ, ಜೆರಾಕ್ಸ್ ಮಾಡ್ದೋನು ಮುಂದ್ಗಡೆ ಮಾತ್ರ ಮಾಡಿದ್ದ, ಒರಿಜಿನಲ್ ರೆಕಾರ್ಡ್ ರೂಮಲ್ಲಿ ಗೆದ್ದಲು ತಿಂದಿತ್ತು, ಆಡಿಟ್‌ನೋರು ಆ ದುಡ್ಡು ಇವ್ರ ಸಂಬಳದಲ್ಲೇ ಹಿಡುದ್ರಂತೆ. "ಆ ವರ್ಷ ದೀಪಾವಳಿಗೆ ಮಕ್ಳಿಗೆ ಬಟ್ಟೆ ತರ್ಲಿಲ್ಲಪ್ಪ" ಅಂದ್ರು. ನಾನು ಸ್ಕ್ರೀನ್ ನೋಡ್ತಾ ಕೂತೆ.

ಎಣಿಕೆ ಮುಗೀತು, ಆನ್ ಮಾಡಿದೆ. ಇವತ್ತು ಬೆಳಿಗ್ಗೆ ಬ್ಯಾಗ್ ಇಳಿಸೋಕ್ ಮುಂಚೆನೇ ನನ್ ಟೇಬಲ್ ಹತ್ರ ನಿಂತಿದ್ರು. ಸರ್ವರ್ ನೋಡ್ಕೊಳ್ಳೋಕೆ ನಾನು ಬಳಸೋ ರೂಟ್ ಲಾಗಿನ್‌ಗೆ ಕೋಟಾ ಅನ್ವಯ ಆಗಲ್ಲ ಅಂತ ಯಾವ ಪುಣ್ಯಾತ್ಮ ಹೇಳಿಕೊಟ್ನೋ, ಮೆಲ್ಲಗೆ ಬಗ್ಗಿ "ನಿಂಗೆ ಮಾತ್ರ ಲಿಮಿಟ್ ಇಲ್ವಂತಲ್ಲಪ್ಪ, ಆ ಪಾಸ್‌ವರ್ಡ್ ಒಂಚೂರು ಬರ್ಕೊಡು" ಅಂತ ಚೀಟಿ ಮುಂದಿಟ್ರು, ಎರಡೂ ಕಡೆ ಖಾಲಿ.